ಪಿಸುಮಾತಿನಲ್ಲಿ ಕಲಿತ ಅಕ್ಷರಗಳು

ಜೂನ್ ೧೦

ಅಕ್ಕನಿಗೆ ನಮಸ್ಕಾರಗಳು.

ನೀವು ಕಳಿಸಿದ ಅಕ್ಷರದ ಕಾರ್ಡುಗಳ ಮೂಲೆಗಳೆಲ್ಲ ಸವೆದು ದುಂಡಗಾಗಿವೆ. ಮಗಳು ಗಿರಗಿಟ್ಲೆ ಊಟಕ್ಕೆ ಕೂತರೂ ಅವು ತಟ್ಟೆಯ ಪಕ್ಕದಲ್ಲಿರಬೇಕು. ಮದುವೆಯ ದಿನ ನಿಮ್ಮನ್ನು ದೂರದಿಂದ ಕಂಡದ್ದು ಬಿಟ್ಟರೆ ನನಗೆ ನಿಮ್ಮ ಪರಿಚಯವೇ ಇರಲಿಲ್ಲ. ಶಾಲೆಯ ಬಸ್ಸು ನಮ್ಮ ಗುಡ್ಡ ಹತ್ತುವುದನ್ನು ನಿಲ್ಲಿಸಿದಾಗ, ಮಗುವಿಗೆ ಮನೆಯಲ್ಲೇ ಕಲಿಸುವುದು ಹೇಗೆ ಎಂದು ತಿಳಿಯದೆ, ಜೀವಮಾನವೆಲ್ಲ ಒಂದನೇ ಕ್ಲಾಸಿಗೆ ಪಾಠ ಹೇಳಿದ ನಿಮಗೆ ಹೆದರುತ್ತಲೇ ಬರೆದಿದ್ದೆ. ನೀವು ಬೈದು ಬರೆಯುತ್ತೀರಿ ಎಂದುಕೊಂಡಿದ್ದೆ. ಕಾರ್ಡು ಕಳಿಸಿದಿರಿ.

ಈಗ ಅವಳು ಅಕ್ಷರದ ಸದ್ದು ಕೂಡಿಸಿ ಕೂಡಿಸಿ ಪದ ಓದುತ್ತಾಳೆ. ದೀರ್ಘ ಬಂದರೆ ಕತ್ತನ್ನೂ ಉದ್ದ ಮಾಡುತ್ತಾಳೆ. ನನ್ನ ಪ್ರಶ್ನೆ ಇಷ್ಟು: ಓದುವುದರ ಜೊತೆಗೆ ತಪ್ಪಿಲ್ಲದೆ ಬರೆಯುವುದನ್ನು ಯಾವಾಗ ಶುರು ಮಾಡಬೇಕು? ಉಕ್ತಲೇಖನ ಈಗಲೇ ಕೊಡಬಹುದೇ?

ಆತುರಕ್ಕೆ ಕಾರಣವಿದೆ. ನಮ್ಮದು ನೀರಿನ ಪಂಪ್‌ಹೌಸಿನ ಕ್ವಾರ್ಟರ್ಸ್, ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಬಾಗಿಲಿಲ್ಲ, ಪರದೆ. ನಿಮ್ಮ ತಮ್ಮನಿಗೆ ಯಾವಾಗಲೂ ರಾತ್ರಿ ಪಾಳಿ. ಹಗಲೆಲ್ಲ ಪರದೆಯ ಆಚೆ ಮಲಗಿರುತ್ತಾರೆ. ಫೋನಿನ ಬಾಯಿ ಮುಚ್ಚಿಟ್ಟಿದ್ದೇನೆ, ಕುಕ್ಕರ್ ಇಡುವುದು ಅವರು ಎದ್ದ ಮೇಲೆ. ನಾನು, ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಪಿಸುಪಿಸು ಎಂದು ಪಾಠ ಓದುತ್ತೇವೆ. ಬರೆಯುವುದಕ್ಕಾದರೆ ಸದ್ದಿಲ್ಲವಲ್ಲ ಅಕ್ಕ.

ಅವಳೇ ನಿಮಗೊಂದು ಕಾಗದ ಬರೆದಿದ್ದಾಳೆ. ನಾನು ತಿದ್ದಿಲ್ಲ. ನಾಚಿಕೆಯಿಂದಲೇ ಜೊತೆಗಿಟ್ಟಿದ್ದೇನೆ.

ನಿಮ್ಮ ತಮ್ಮನ ಹೆಂಡತಿ

(ಜೊತೆಗಿದ್ದ ಹಾಳೆ)

ಅತ್ತೆ
ನಾನು ಚೆನ್ನಾಕಿತೀನಿ. ಅಪ್ಪ ಮಲಕಿತಾರೆ. ನಮ್ಮ ಮನೇಲಿ ಚೋರಾಕಿ ಮಾತಾಟಪಾರತು. ನಂಕೆ ಒಂತು ಹಲ್ಲು ಹೋಯ್ತು. ನೀನು ಯಾವಾಕ ಪರ್ತೀಯ.
ಕಿರಕಿಟ್ಲೆ

---

ಜೂನ್ ೨೪

ತಂಗಿಗೆ ಆಶೀರ್ವಾದ.

ಇಲ್ಲ, ಈಗಲೇ ಬೇಡ. ಮೊದಲು ಉತ್ತರ, ಆಮೇಲೆ ಕಾರಣ; ನಾನು ಹಾಗೇ ಕಲಿಸಿದವಳು.

ಓದುವುದೆಂದರೆ ಕಣ್ಣೆದುರು ಇರುವುದನ್ನು ಬಾಯಿಗೆ ತರುವುದು. ಬರೆಯುವುದೆಂದರೆ ಎದುರಿಗೆ ಏನೂ ಇಲ್ಲದಿರುವಾಗ ಕಿವಿಯಿಂದ ಕೈಗೆ ತರುವುದು. ಎರಡನೆಯದು ಕಷ್ಟ. ಅದನ್ನು ಮೊದಲನೆಯದರ ಹೆಗಲ ಮೇಲೆ ಈಗಲೇ ಹೇರಿದರೆ ಎರಡೂ ಕುಸಿಯುತ್ತವೆ. ಓದು ಮುಂದೆ ಹೋಗುತ್ತಿರಲಿ, ಬರವಣಿಗೆ ಅದರ ಹಿಂದೆ ನಿಧಾನಕ್ಕೆ ಬರಲಿ. ಅವಳು ನಾಲ್ಕು ಸಾಲಿನ ಕತೆಯನ್ನು ಬೆರಳಿಡದೆ ಓದಿದ ದಿನ ಬರೆದು ತಿಳಿಸು. ಅಲ್ಲಿಯತನಕ ಅವಳ ಕಿವಿಗೆ ಕೇಳಿದ ಹಾಗೆ ಬರೆಯಲಿ, ನೀನು ತಿದ್ದಬೇಡ. ನಾನು ಎಷ್ಟು ಮಕ್ಕಳನ್ನು ನೋಡಿಲ್ಲ! ನನ್ನ ಅಮ್ಮ, ನನ್ನ ಬೆಕ್ಕು, ನನ್ನ ಜಗಳ ಎಂದು ಪುಟಗಟ್ಟಲೆ ಗೀಚುತ್ತಿದ್ದವರು, ಕೆಂಪು ಶಾಯಿ ಬಿದ್ದ ಮರುದಿನದಿಂದ "ಇದು ಮರ. ಇದು ಮನೆ" ಎಂದು ಬರೆದು ಕೈಕಟ್ಟಿ ಕೂತುಬಿಡುತ್ತಿದ್ದರು. ತಪ್ಪೂ ಇಲ್ಲ, ಮಾತೂ ಇಲ್ಲ.

ಇನ್ನು ಮುಂದೆ ಅವಳ ಕಾಗದವನ್ನು ನೀನು ನೋಡಲೇಬೇಡ. ನೋಡಿದರೆ ಕೈ ತುರಿಸುತ್ತದೆ. ಅವಳೇ ಮಡಚಲಿ, ಅವಳೇ ಲಕೋಟೆಗೆ ಹಾಕಲಿ.

ಅವಳಿಗೆ ಹೇಳು: ಹಲ್ಲು ಹೋದದ್ದಕ್ಕೆ ಅಭಿನಂದನೆ. ಅತ್ತೆಗೂ ಒಂದು ಹೋಗಿದೆ, ಆದರೆ ಅತ್ತೆಯ ಹಲ್ಲು ಮತ್ತೆ ಬರುವುದಿಲ್ಲ. ಅಪ್ಪ ಮಲಗಿದಾರೆ ಎಂದು ಬರೆದದ್ದು ಓದಿದೆ, ಅವನು ಚಿಕ್ಕಂದಿನಲ್ಲೂ ಹಾಗೇ, ಎಬ್ಬಿಸಿದರೆ ಮುಖ ಊದಿಸಿಕೊಳ್ಳುತ್ತಿದ್ದ.

ನಾನು ಚೆನ್ನಾಗಿದ್ದೇನೆ. ನನ್ನ ಕೋಣೆಯ ಕೆಳಗೆ ದರ್ಜಿಯ ಅಂಗಡಿ. ಅವನ ಮಿಷನ್ನಿನ ಸದ್ದು ನಿಂತರೆ ಊಟದ ಹೊತ್ತಾಯಿತು ಎಂದು ಗೊತ್ತಾಗುತ್ತದೆ. ಅಂಚೆಯವನು ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದರೆ ದರ್ಜಿಯೇ ಕೂಗಿ ಹೇಳುತ್ತಾನೆ: "ಟೀಚರ್, ನಿಮ್ಮ ಒಂದನೇ ಕ್ಲಾಸು ಬಂತು!"

ಅಕ್ಕ

---

ಆಗಸ್ಟ್ ೩

ತಂಗಿಗೆ,

ಗಿರಗಿಟ್ಲೆಯ ಎರಡು ಕಾಗದ ಬಂದವು. ನೀನು ಮಾತ್ರ ಬರೆದಿಲ್ಲ. ಕೆಲಸವಿರಬೇಕು.

ಒಂದು ಸಂಗತಿ ನನ್ನ ತಲೆ ತಿನ್ನುತ್ತಿತ್ತು. ಈ ಹುಡುಗಿ ಗ ಬರೆಯಬೇಕಾದಲ್ಲೆಲ್ಲ ಕ ಬರೆಯುತ್ತಾಳೆ. ಬ ಇರಬೇಕಾದಲ್ಲಿ ಪ, ದ ಇರಬೇಕಾದಲ್ಲಿ ತ. ಒಂದೆರಡು ಕಡೆ ಅಲ್ಲ, ಎಲ್ಲ ಕಡೆ. ಅಷ್ಟು ವರ್ಷ ಪಾಠ ಹೇಳಿದ ನಾನು ಇಂಥ ತಪ್ಪು ಕಂಡಿರಲಿಲ್ಲ. ಕಿವಿಯಲ್ಲಿ ದೋಷವಿದೆಯೇನೋ ಎಂದು ಹೆದರಿದೆ. ಕಾಗದಗಳನ್ನು ಮೇಜಿನ ಮೇಲೆ ಹರಡಿ ಜೋರಾಗಿ ಓದಿದೆ, ತಿಳಿಯಲಿಲ್ಲ. ಆಮೇಲೆ ನೀನು ಬರೆದದ್ದು ನೆನಪಾಗಿ ಪಿಸುಮಾತಿನಲ್ಲಿ ಓದಿದೆ.

ನೀನೂ ಮಾಡಿ ನೋಡು. ಪಿಸುಗುಟ್ಟುತ್ತ ಕ ಅನ್ನು, ಗ ಅನ್ನು. ಏನಾದರೂ ವ್ಯತ್ಯಾಸ ಇದೆಯೇ? ಗಂಟಲು ನಡುಗಿದರೆ ತಾನೇ ಗ ಹುಟ್ಟುವುದು. ಪಿಸುಮಾತಿನಲ್ಲಿ ಗಂಟಲು ನಡುಗುವುದೇ ಇಲ್ಲ. ಮಗು ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ. ಅವಳ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ.

ಕಾರಣ ಸಿಕ್ಕಿತೆಂದು ಕುಣಿಯಬೇಕಾಗಿತ್ತು. ಬದಲಿಗೆ ಕಾಗದಗಳನ್ನು ಒಂದೊಂದಾಗಿ ಮಡಚಿಟ್ಟೆ. ಇಡೀ ದಿನ ಯಾರೂ ಬಾಯಿ ಬಿಟ್ಟು ಮಾತಾಡದ ಮನೆ. ಇಲ್ಲಿ ನನ್ನ ಕೋಣೆಯೂ ಹಾಗೇ, ಆದರೆ ನಾನು ಒಬ್ಬಳೇ ಇರುವವಳು. ನೀವು ಮೂವರಿದ್ದೀರಿ.

ಕಾರ್ಡುಗಳನ್ನು ತೆಗೆದುಕೊಂಡು ಅವಳನ್ನು ಹೊರಗೆ ಕರೆದುಕೊಂಡು ಹೋಗು, ಮನೆಯಿಂದ ದೂರ. ಅವಳ ಕೈಯನ್ನು ಅವಳ ಗಂಟಲ ಮೇಲೆ ಇಡು. ಕ, ಗ. ಪ, ಬ. ಗಟ್ಟಿಯಾಗಿ ಕೂಗಲಿ. ನೀನೂ ಕೂಗು. ಉಕ್ತಲೇಖನದ ಮಾತು ಈಗ ಎತ್ತಲೇಬೇಡ. ಸದ್ದೇ ನೆಟ್ಟಗಾಗದೆ ಬರಹ ನೆಟ್ಟಗಾಗುವುದಿಲ್ಲ.

ಅಕ್ಕ

---

ಸೆಪ್ಟೆಂಬರ್ ೧೬

ಅಕ್ಕ,

ನೀವು ಹೇಳಿದ ಹಾಗೆ ಮಾಡಿದೆವು. ನೀರು ಸೋಸುವ ತೊಟ್ಟಿಗಳ ಆಚೆ ಎತ್ತರದ ಕಾಂಕ್ರೀಟ್ ಗೋಡೆಯೊಂದಿದೆ. ಅಲ್ಲಿ ನಿಂತು ಮೊದಲ ದಿನ ನನಗೇ ಬಾಯಿ ಬರಲಿಲ್ಲ. ಮಗಳು ನನ್ನ ಮುಖ ನೋಡಿದಳು. ಕೊನೆಗೆ ಕಣ್ಣು ಮುಚ್ಚಿ "ಗ!" ಎಂದು ಕೂಗಿದೆ. ಗೋಡೆ ತಿರುಗಿ ಕೂಗಿತು. ಅವಳು ಬೆಚ್ಚಿಬಿದ್ದು, ಆಮೇಲೆ ನೆಲದ ಮೇಲೆ ಹೊರಳಾಡಿ ನಕ್ಕಳು. ಅಮ್ಮನಿಗೆ ಇಷ್ಟು ದೊಡ್ಡ ದನಿ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸುಳ್ಳೇಕೆ, ನನಗೂ ಮರೆತುಹೋಗಿತ್ತು. ಮದುವೆಗೆ ಮುಂಚೆ ನಮ್ಮ ಮನೆಯಲ್ಲಿ ಎಲ್ಲರೂ "ಸ್ವಲ್ಪ ಮೆಲ್ಲಗೆ ಮಾತಾಡೇ ಮಾರಾಯ್ತಿ" ಎಂದು ನನ್ನನ್ನೇ ಬೈಯುತ್ತಿದ್ದರು.

ಈಗ ದಿನಾ ಹೋಗುತ್ತೇವೆ. ಒಂದು ದಿನ ನಿಮ್ಮ ತಮ್ಮ ನಿದ್ದೆಗಣ್ಣಲ್ಲಿ ಅಲ್ಲಿಗೇ ಬಂದುಬಿಟ್ಟರು. ನಾನು ಕಾರ್ಡುಗಳನ್ನು ಸೆರಗಿನ ಕೆಳಗೆ ಮುಚ್ಚಿಕೊಂಡೆ. ಬೈಯಲಿಲ್ಲ. ಮಗಳು ಗಂಟಲು ಹಿಡಿದುಕೊಂಡು "ಬ, ಬ" ಅನ್ನುವುದನ್ನು ನೋಡುತ್ತ ನಿಂತರು. "ಅಕ್ಕ ಹೇಳ್ಕೊಟ್ಟಿದ್ದು ಅಲ್ವಾ? ನನಗೂ ಹೀಗೇ ಗಂಟಲ ಮೇಲೆ ಕೈ ಇಡಿಸ್ತಿದ್ಲು" ಎಂದು ಹೇಳಿ ಮನೆಗೆ ಹೋಗಿ ಮಲಗಿದರು. ನಿಮ್ಮ ವಿಷಯ ಅವರ ಬಾಯಿಂದ ಬಂದದ್ದು ಎಷ್ಟೋ ವರ್ಷದ ಮೇಲೆ.

ಅಕ್ಕ, ಅವಳು ಈಗ ನಾಲ್ಕು ಸಾಲಲ್ಲ, ಪುಟವನ್ನೇ ಬೆರಳಿಡದೆ ಓದುತ್ತಾಳೆ. ಬಸ್ಸು ಜನವರಿಯಿಂದ ಮತ್ತೆ ಬರುತ್ತದಂತೆ. ಶಾಲೆಯ ವರ್ಷದ ನಡುವೆ ಅವಳನ್ನು ಎರಡನೇ ಕ್ಲಾಸಿಗೆ ಸೇರಿಸಿಕೊಳ್ಳಬೇಕಾದರೆ ಹೇಳಿದ್ದನ್ನು ಕೇಳಿ ನಾಲ್ಕಾರು ವಾಕ್ಯ ಬರೆಯಬೇಕಂತೆ. ಇಲ್ಲದಿದ್ದರೆ ಒಂದನೇ ಕ್ಲಾಸು, ತನಗಿಂತ ಚಿಕ್ಕವರ ಜೊತೆ. ಈಗ ಶುರು ಮಾಡಲೇ?

ಅವಳ ಕಾಗದ ನೋಡಿಲ್ಲ. ಅವಳೇ ಅಂಟಿಸಿದ್ದಾಳೆ, ಅಂಟು ನನ್ನ ಕೂದಲಿಗೂ ಹತ್ತಿದೆ.

ನಿಮ್ಮ ತಂಗಿ

(ಜೊತೆಗಿದ್ದ ಹಾಳೆ)

ಅತ್ತೆ
ನಾನು ಗೋಡೆಗೆ ಕೂಗಿದೆ. ಗೋಡೆ ನಂಗೆ ಕೂಗಿತು. ಅಪ್ಪ ಬಂದು ನೋಡಿದ್ರು ಬಯ್ಯಲಿಲ. ಹೊಸ ಹಲು ಬಂತು ವಂಕರೆ ಇದೆ. ನೀನು ಯಾವಾಕ ಪರ್ತೀಯ.
ಗಿರಗಿಟ್ಲೆ

---

ಅಕ್ಟೋಬರ್ ೭

ತಂಗಿಗೆ,

ಗೋಡೆಯ ಸುದ್ದಿ ಓದಿ ಒಬ್ಬಳೇ ನಕ್ಕೆ. ದರ್ಜಿ ಕೆಳಗಿನಿಂದ "ಏನು ಟೀಚರ್?" ಎಂದ. ಹೇಳಲು ಹೋದೆ, ಅಷ್ಟರಲ್ಲಿ ಅವನ ಮಿಷನ್ ಶುರುವಾಯಿತು.

ಉಕ್ತಲೇಖನದ ಬಗ್ಗೆ: ಇನ್ನೂ ಸ್ವಲ್ಪ ತಡೆ. ಒತ್ತಕ್ಷರ ಬಲಿತಿಲ್ಲ. "ಬಯ್ಯಲಿಲ" ಎಂದು ಬರೆದಿದ್ದಾಳೆ. ಚಳಿಗಾಲ ಕಳೆಯಲಿ. ಪರೀಕ್ಷೆ ಮಾಡುವವರು ಏನು ಹುಲಿಯೇ, ಕರಡಿಯೇ? ಓದುವುದು ಬಂದರೆ ಸೇರಿಸಿಕೊಳ್ಳುತ್ತಾರೆ. ನಾನು ಹೇಳುತ್ತೇನೆ, ಅವಸರ ಬೇಡ. ಓದಲು ಪದಗಳ ಹೊಸ ಕಾರ್ಡುಗಳನ್ನು ಕಳಿಸುತ್ತೇನೆ, ಇನ್ನೂ ಬೇಕಾದರೆ ಇನ್ನೂ ಬರೆಯುತ್ತೇನೆ.

ಗಿರಗಿಟ್ಲೆಗೆ ಹೇಳು: ವಂಕರೆ ಹಲ್ಲು ಇರಲಿ, ಸೊಟ್ಟಗಿದ್ದರೇನು. ಅವಳ ಅಪ್ಪನದೂ ವಂಕರೆಯೇ, ಅವನು ಬಾಯಿ ಬಿಟ್ಟು ನಕ್ಕರೆ ತಾನೇ ಕಾಣುವುದು. ಅಪ್ಪ ಬಯ್ಯಲಿಲ್ಲ ಎಂದು ಬರೆದದ್ದು ಓದಿ ಸಂತೋಷವಾಯಿತು.

ಅವನಿಗೆ ಗಂಟಲ ಮೇಲೆ ಕೈ ಇಟ್ಟದ್ದು ನೆನಪಿದೆ ಅಂದೆಯಲ್ಲ. ನನಗೂ ಇದೆ. ಅಮ್ಮ ಹೋದ ಮೇಲೆ ಅವನಿಗೆ ಅಕ್ಷರ ಕಲಿಸಿದ್ದು, ಊಟಕ್ಕೆ ಹಾಕಿದ್ದು, ತಲೆ ಬಾಚಿದ್ದು ಎಲ್ಲ ನಾನೇ.

ಅಕ್ಕ

---

ನವೆಂಬರ್ ೫

ಅಕ್ಕ,

ಈ ಕಾಗದ ಬರೆದು ಹರಿದು, ಮತ್ತೆ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡಿ.

ಮೊದಲ ಸಲ ನೀವು ಬೇಡ ಅಂದಾಗ ಕಾರಣ ಇತ್ತು. ಎರಡನೇ ಸಲವೂ ಇತ್ತು. ಈ ಸಲ ನನಗೆ ಕಾರಣ ಕಾಣಲಿಲ್ಲ, ನೀವು ಕಂಡಿರಿ. ಮಕ್ಕಳು ತಪ್ಪು ತಿದ್ದಿಸಿಕೊಂಡರೆ ಬರೆಯುವುದನ್ನೇ ಬಿಡುತ್ತಾರೆ ಅಂದಿದ್ದಿರಿ. ಇವಳೂ ನಿಮಗೆ ಬರೆಯುವುದು ಬಿಡುತ್ತಾಳೆಂದು ನಿಮಗೆ ಹೆದರಿಕೆಯೇ?

ಕೇಳಬಾರದಾಗಿತ್ತು, ಕೇಳಿಬಿಟ್ಟೆ. ನಿಮ್ಮ ತಮ್ಮನನ್ನೂ ಕೇಳಿದೆ, ನಿಮ್ಮಿಬ್ಬರ ನಡುವೆ ಏನಾಯಿತೆಂದು. "ಏನೂ ಆಗಿಲ್ಲ" ಎಂದರು. ಚಹಾ ಕುಡಿದು ಮುಗಿಸಿ ಹೇಳಿದರು: "ಅಕ್ಕನ ಎದುರು ಕೂತ್ರೆ ಈಗ್ಲೂ ಸ್ಲೇಟು ಹಿಡ್ಕೊಂಡು ಕೂತ ಹಾಗೆ. ಕೂತ್ರೂ ತಪ್ಪು, ನಿಂತ್ರೂ ತಪ್ಪು. ಮದ್ವೆಗೆ ಮುಂಚೆ ಒಂದು ದಿನ ತಲೆ ಕೆಟ್ಟು, ನನ್ನ ಮನೆಗೆ ಬಂದು ತಿದ್ದೋದು ಬೇಡ ಅಂದ್ಬಿಟ್ಟೆ. ಅವಳು ಚಪ್ಪಲಿ ಮೆಟ್ಕೊಂಡು ಹೋದ್ಲು. ಮನೆಗೆ ಮತ್ತೆ ಬರ್ಲೇ ಇಲ್ಲ." ಅಷ್ಟು ಹೇಳಿ ಪಂಪ್‌ಹೌಸಿಗೆ ಹೊರಟುಹೋದರು. ಟಿಫಿನ್ ಡಬ್ಬಿ ಇಲ್ಲೇ ಮರೆತಿದ್ದರು.

ಇನ್ನೊಂದು ವಿಷಯ. ಈಗ ಆತುರ ನನ್ನದಲ್ಲ. ಗಿರಗಿಟ್ಲೆಯೇ ದಿನಾ ಸೆರಗು ಹಿಡಿದು ಜಗ್ಗುತ್ತಾಳೆ: "ಅಮ್ಮಾ, ಸರಿಯಾಗಿ ಬರೆಯೋದು ಹೇಳ್ಕೊಡು. ಒಂದೂ ತಪ್ಪಿರಬಾರ್ದು." ಯಾಕೆ ಅಂದರೆ ತುಟಿ ಬಿಗಿದುಕೊಳ್ಳುತ್ತಾಳೆ. ಶಾಲೆಗಾ ಅಂದರೆ ಅಲ್ಲ. ಅಪ್ಪನಿಗೆ ತೋರಿಸೋಕಾ ಅಂದರೆ ಅದೂ ಅಲ್ಲ. ನೀವು ಬೇಡ ಅಂದಿದ್ದೀರಿ ಎಂದು ಸುಮ್ಮನಿದ್ದೇನೆ. ಆದರೆ ಅಕ್ಕ, ಮಗು ತಾನಾಗಿ ಕೇಳುತ್ತಿದೆ.

ನಿಮ್ಮ ತಂಗಿ

---

ನವೆಂಬರ್ ೨೧

ತಂಗಿ,

ನಿನ್ನ ಕಾಗದವನ್ನು ಮೂರು ದಿನ ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದೆ. ಸಿಟ್ಟು ಬಂದಿತ್ತು. ಅವನು ಕೂತರೂ ತಪ್ಪು ಅಂದನಂತೆ! ಬೆನ್ನು ಗೂನು ಮಾಡಿ ಕೂತರೆ ನೆಟ್ಟಗೆ ಕೂತ್ಕೋ ಅನ್ನದೆ ಇರಲು ನಾನೇನು ಗೋಡೆಯೇ?

ಆಮೇಲೆ ಸಿಟ್ಟು ಇಳಿಯಿತು. ಹೌದು ತಂಗಿ, ಹೆದರಿಕೆ. ನನಗೆ ಬರುವುದೊಂದೇ ವಿದ್ಯೆ, ತಿದ್ದುವುದು. ಅದರಿಂದಲೇ ಒಬ್ಬ ತಮ್ಮ ದೂರವಾದ. ಈ ಮಗುವಿನ ಕಾಗದದಲ್ಲಿ ಎಷ್ಟು ತಪ್ಪಿದ್ದರೂ ನನಗೆ ಓದಲು ಬರುತ್ತದೆ. ಪೋಸ್ಟ್‌ಮ್ಯಾನ್‌ಗೆ ಬರುವುದಿಲ್ಲ, ದರ್ಜಿಗೆ ತೋರಿಸಿದೆ, ಅವನಿಗೂ ಬರಲಿಲ್ಲ. ಲೋಕದಲ್ಲಿ ನಾನೊಬ್ಬಳೇ ಓದಬಲ್ಲೆ ಎಂಬ ಜಂಭ ನನಗೆ. ಅವಳು ಎಲ್ಲರ ಹಾಗೆ ಬರೆದರೆ ಆಮೇಲೆ ನಾನು ಯಾತಕ್ಕೆ ಬೇಕು?

ಇರಲಿ. ಮಗು ತಾನಾಗಿ ಕೇಳಿದರೆ ಅದೇ ಹೊತ್ತು. ಈ ಮಾತನ್ನು ನಾನೇ ನಿನಗೆ ಮೊದಲು ಹೇಳಬೇಕಾಗಿತ್ತು.

ನಾಳೆಯೇ ಶುರು ಮಾಡು. ದಿನಕ್ಕೆ ಐದು ಪದ ಸಾಕು. ಅವಳು ಈಗಾಗಲೇ ತಡೆಯಿಲ್ಲದೆ ಓದುವ ಪದಗಳೇ ಆಗಿರಲಿ, ಹೊಸ ಪದ ಕೊಟ್ಟು ಜೀವ ಹಿಂಡಬೇಡ. ನೀನು ಗಟ್ಟಿಯಾಗಿ ಹೇಳು. ಅವಳು ಗಟ್ಟಿಯಾಗಿ ಹೇಳಲಿ. ಸದ್ದಿಗೊಂದು ಚಪ್ಪಾಳೆಯಂತೆ ಪದವನ್ನು ಬಿಡಿಸಲಿ, ಆಮೇಲೆ ಬರೆಯಲಿ. ಬರೆದ ಮೇಲೆ ಕಾರ್ಡು ತೆಗೆದು ಅವಳೇ ಹೋಲಿಸಿ ನೋಡಲಿ. ತಪ್ಪನ್ನು ಅವಳ ಕಣ್ಣು ಕಂಡುಹಿಡಿಯಲಿ, ನಿನ್ನ ಕಣ್ಣಲ್ಲ. ಓದಿನ ಪಾಠ ನಿಲ್ಲಿಸಬೇಡ, ಎರಡೂ ಜೊತೆಜೊತೆಗೆ ನಡೆಯಲಿ. ಕೆಂಪು ಶಾಯಿ ಮನೆಯಲ್ಲಿದ್ದರೆ ಯಾರಿಗಾದರೂ ಕೊಟ್ಟುಬಿಡು.

ಪಾಠಕ್ಕೆ ಆ ಗೋಡೆಯ ಹತ್ತಿರವೇ ಹೋಗಿ. ಪಿಸುಮಾತಿನಲ್ಲಿ ಉಕ್ತಲೇಖನ ಆಗುವುದಿಲ್ಲ.

ಇನ್ನು ನಿನಗೆ ನನ್ನ ಹೊಸ ಕಾರ್ಡಿನ ಅಗತ್ಯ ಬೀಳುವುದಿಲ್ಲ. ಬಿಡುವಾದಾಗ ಎರಡು ಸಾಲು ಹಾಕು.

ಅಕ್ಕ

---

ಜನವರಿ ೧೮

ಅಕ್ಕ,

ಇಷ್ಟು ದಿನ ಬರೆಯಲಾಗಲಿಲ್ಲ. ಎರಡನೇ ಕ್ಲಾಸಿಗೇ ಸೇರಿಸಿಕೊಂಡರು. ಹೇಳಿದ್ದೆಲ್ಲ ಬರೆದಳಂತೆ, ಒಂದೇ ಒಂದು ಒತ್ತು ಬಿಟ್ಟಳಂತೆ. ಅವಳನ್ನು ಬೆಳಿಗ್ಗೆ ಬಸ್ಸು ಹತ್ತಿಸಿ ಬಂದರೆ ಸಂಜೆಯತನಕ ಮನೆಯಲ್ಲಿ ಪಿಸುಗುಟ್ಟಲೂ ಯಾರೂ ಇಲ್ಲ. ಮೊನ್ನೆ ನಾನೊಬ್ಬಳೇ ಆ ಗೋಡೆಯ ಹತ್ತಿರ ಹೋಗಿ ನಿಂತೆ. ಕೂಗಲು ಏನೂ ತೋಚದೆ ವಾಪಸು ಬಂದೆ.

ಅವಳು ನಿಮಗೆ ಬರೆಯುವುದನ್ನು ನಿಲ್ಲಿಸಿದ್ದಾಳೆಂದು ನೊಂದುಕೊಳ್ಳಬೇಡಿ. ಏನೋ ಬರೆಯುತ್ತಾಳೆ, ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದು ನೋಡುತ್ತಾಳೆ, ಹರಿದು ಹಾಕುತ್ತಾಳೆ. "ಇನ್ನೂ ಸರಿಯಾಗಿಲ್ಲ" ಅನ್ನುತ್ತಾಳೆ.

ನಿಮ್ಮ ತಂಗಿ

---

ಫೆಬ್ರುವರಿ ೯

ಅತ್ತೆ,

ನಾನು ಚೆನ್ನಾಗಿದ್ದೇನೆ. ನನಗೆ ಶಾಲೆಯಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿದೆ. ಅಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಾರೆ. ನನಗೆ ಮೊದಲು ಕಿವಿ ನೋವು ಬಂತು. ಈಗ ಇಲ್ಲ.

ನಾನು ಎಲ್ಲ ಕಾಗದದಲ್ಲೂ ನಿನ್ನನ್ನು ಒಂದು ಮಾತು ಕೇಳಿದ್ದೆ. ನೀನು ಹಲ್ಲಿಗೆ ಉತ್ತರ ಬರೆದೆ. ಅಪ್ಪನ ಮಾತಿಗೂ ಬರೆದೆ. ಅದಕ್ಕೆ ಮಾತ್ರ ಬರೆಯಲಿಲ್ಲ. ನಾನು ಅದನ್ನು ಎಲ್ಲ ಸಲವೂ ಮೊದಲ ಸಲದ ಹಾಗೇ ತಪ್ಪು ಬರೆದಿದ್ದೆ. ಅದಕ್ಕೇ ನಿನಗೆ ಓದಲು ಬರಲಿಲ್ಲ. ಅದಕ್ಕೇ ನಾನು ಸರಿಯಾಗಿ ಬರೆಯುವುದು ಕಲಿತೆ. ಅಮ್ಮನನ್ನು ಕೇಳಿಲ್ಲ. ನಾನೇ ಬರೆದೆ. ಕಾರ್ಡು ನೋಡಿ ಹೋಲಿಸಿದ್ದೇನೆ. ಈಗ ತಪ್ಪಿಲ್ಲ.

ನೀನು ಯಾವಾಗ ಬರ್ತೀಯ?

ಗಿರಗಿಟ್ಲೆ

---

ಫೆಬ್ರುವರಿ ೧೪

ಗಿರಗಿಟ್ಲೆ, ನನ್ನ ಕಂದಾ,

ಮೊದಲನೇ ಕಾಗದದಲ್ಲೇ ನನಗೆ ಓದಲು ಬಂದಿತ್ತು. ಎಲ್ಲದರಲ್ಲೂ ಬಂದಿತ್ತು. ನಿನ್ನ ಬರಹದಲ್ಲಿ ಏನೂ ಕೊರತೆ ಇರಲಿಲ್ಲ. ಉತ್ತರ ಬರೆಯಲು ಬಾರದೆ ಇದ್ದದ್ದು ಅತ್ತೆಗೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಮ್ಮನಿಗೆ ಹೇಳು. ಅಪ್ಪನನ್ನು ಎಬ್ಬಿಸಬೇಡ. ಅವನು ಕರೆಯಲಿ ಎಂದು ಈ ಸಲ ನಾನು ಕಾಯುವುದಿಲ್ಲ. ಮೆಟ್ಟಿಲ ಕೆಳಗೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದು, ಅಡುಗೆಮನೆಯ ನೆಲದ ಮೇಲೆ ನಿನ್ನ ಪಕ್ಕ ಕೂತುಕೊಳ್ಳುತ್ತೇನೆ. ಅವನು ಎದ್ದು ಪರದೆ ಸರಿಸುವತನಕ ಪಿಸುಮಾತಿನಲ್ಲೇ ಮಾತಾಡೋಣ.

ನಿನ್ನ ಅತ್ತೆ